ಜೀನಿಗೆ ಲೋಭ ಎಲ್ಲಿಂದ ಬಂತು

ನಮ್ಮ ಅಡುಗೆಮನೆಯ ನಲ್ಲಿಯ ಬಾಯಿಗೆ ಕಟ್ಟಿದ್ದ ಬಿಳಿ ಅರಿವೆಯನ್ನು ಹೋದ ತಿಂಗಳು ಬಿಚ್ಚಬೇಕಾಯಿತು. ನೀರು ಶುದ್ಧ ಮಾಡುವ ಯಂತ್ರ ಕೂರಿಸಲು ಬಂದವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಕಾಕಾ, ಹೇ ಕಾಯ್?" ಎಂದು ಕೇಳಿದ. ಇದೇನು ಎಂದು ಅವನ ಮರಾಠಿ ಪ್ರಶ್ನೆ. ಮೂವತ್ತು ವರ್ಷ ಗಡಹಿಂಗ್ಲಜದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ, ಈಗ ಇಚಲಕರಂಜಿಯಲ್ಲಿ ಮನೆ ಮಾಡಿಕೊಂಡು ಕುಳಿತವನು ನಾನು. ಅರಿವೆಯಲ್ಲಿ ಏನು ನಿಲ್ಲುತ್ತದೆ, ಏನು ನಿಲ್ಲುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ ಬಾಯಿಂದ ಬಂದ ಉತ್ತರ, "ಅದು ನಮ್ಮ ಅಜ್ಜಿದು." ಅವನು ಅಜ್ಜಿಯ ಸೀರೆಯ ತುಂಡು ಎಂದುಕೊಂಡಿರಬೇಕು. ಭಕ್ತಿಯಿಂದ ಮಡಚಿ ನನ್ನ ಕೈಗೆ ಕೊಟ್ಟ.

ಅಜ್ಜಿಯದು ಎಂದರೆ ಅಜ್ಜಿಯ ರೂಢಿ. ನಮ್ಮದು ಕುರುಂದವಾಡದ ಜೈನ ಒಕ್ಕಲುತನದ ಮನೆ. ಕೃಷ್ಣೆ ಹೊಲದ ಆಚೆಗೇ ಹರಿಯುತ್ತಿದ್ದರೂ ಅಜ್ಜಿಗೆ ಹಿತ್ತಲ ಬಾವಿಯ ನೀರೇ ಆಗಬೇಕು. ಸೇದಿದ ನೀರನ್ನು ಎರಡು ಪದರದ ಅರಿವೆಯಲ್ಲಿ ಸೋಸಿ, ಆಮೇಲೆ ಆ ಅರಿವೆಯನ್ನು ತಿರುವಿ ಹಿಡಿದು, ಮೇಲಿಂದ ಒಂದು ತಂಬಿಗೆ ನೀರು ಹೊಯ್ದು, ಸಿಕ್ಕಿಕೊಂಡ ಕಾಣದ ಜೀವಗಳನ್ನು ಮತ್ತೆ ಅದೇ ಬಾವಿಗೆ ಬಿಡುತ್ತಿದ್ದಳು. "ಅವುಗಳ ಊರಿಗೆ ಅವು ಹೋಗ್ಲಿ" ಅನ್ನುವಳು. ಒಂದು ವರ್ಷ ಮಹಾಪೂರ ಬಂದು ನಾವೆಲ್ಲ ಎತ್ತರದ ಶಾಲೆಯೊಂದರಲ್ಲಿ ಉಳಿದಾಗ, ಎಲ್ಲಿಂದಲೋ ತಂದ ಕೆಂಪು ನೀರನ್ನು ಸೋಸಿದ ಅಜ್ಜಿ, ಅರಿವೆ ಹಿಡಿದುಕೊಂಡು ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಈ ಜೀವಗಳ ಊರು ಯಾವುದು ಎಂದು ಯಾರೂ ಹೇಳುವಂತಿರಲಿಲ್ಲ. ಕಡೆಗೆ, ನದಿಯೇ ಮೆಟ್ಟಿಲ ತನಕ ಬಂದಿದೆಯಲ್ಲ ಎಂದು ಅಲ್ಲೇ ಬಿಟ್ಟಳು.

ನಮ್ಮ ಅಜ್ಜಿಯ ಜೀವಶಾಸ್ತ್ರ ಬೆರಳೆಣಿಕೆಯದು. ನೀರು, ಗಿಡ ಇವಕ್ಕೆ ಒಂದು ಇಂದ್ರಿಯ. ಹುಳಕ್ಕೆ ಎರಡು. ಇರುವೆಗೆ ಮೂರು. ನೊಣಕ್ಕೆ ನಾಲ್ಕು. ಎಮ್ಮೆಗೂ ನನಗೂ ಐದು. ಎಮ್ಮೆಯನ್ನು ಮೊದಲು ಹೇಳುವಳು.

ಕೊಲ್ಲಾಪುರದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಾಗ ನನಗೆ ಹೊಸ ವಿದ್ಯೆ ತಲೆಗೇರಿತ್ತು. ದೀಪಾವಳಿಗೆ ಊರಿಗೆ ಬಂದವನು, ಅಜ್ಜಿ ಕೊಟ್ಟ ರವೆಯ ಉಂಡೆಯನ್ನು ಬಾಯಲ್ಲಿಟ್ಟುಕೊಂಡೇ ಅವಳಿಗೆ ಪಾಠ ಹೇಳಿದೆ.

"ಅಜ್ಜಿ, ನೀ ನನ್ನ ಮ್ಯಾಲ ಪ್ರೀತಿ ಮಾಡ್ತಿಯಲ್ಲ, ಅದು ನಿಂದಲ್ಲ. ನಿನ್ನ ಒಳಗ ಜೀನ್ ಅಂತ ಐತಿ. ಅದು ಭಾಳ ಸ್ವಾರ್ಥಿ. ತನ್ನ ನಕಲು ನನ್ನೊಳಗ ಐತಿ ಅಂತ ನಿನ್ನ ಕೈಲೆ ನನಗ ಉಂಡಿ ತಿನಿಸ್ತೈತಿ."

"ಜೀನ ಅಂದ್ಮ್ಯಾಲ ಜಿಪುಣ ಇರೂದs," ಅಂದಳು ಅಜ್ಜಿ. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದಳು. "ಅದು ಜೀವಾನೋ, ಅಜೀವಾನೋ?"

"ಅಜೀವ. ಒಂದು ರಸಾಯನ."

"ಅಜೀವಕ್ಕ ಲೋಭ ಎಲ್ಲಿಂದ ಬಂತೋ? ಲೋಭ ಮಾಡಾಕ ಜೀವ ಬೇಕಪಾ. ಪೆಟಿಗಿಗೆ ಲೋಭ ಇರೂದಿಲ್ಲ, ಪೆಟಿಗಿ ಇಟ್ಟಾಕಿಗೆ ಇರತೈತಿ."

ಅದು ಬರೇ ಮಾತಿನ ಒಂದು ರೀತಿ ಎಂದು ನಾನು ಸಮಜಾಯಿಷಿ ಹೇಳಿದೆ. ಅಜ್ಜಿ ಬಿಡಲಿಲ್ಲ. "ಹಂಗಾರ ಹಂಗ ಹೇಳು. ಮಾತಿಗೆ ಅಂದದ್ದನ್ನ ಖರೇ ಅಂತ ಹಿಡಕೊಂಡು, ನನ್ನ ಪ್ರೀತಿ ನಂದಲ್ಲ ಅಂದಿ ನೋಡು, ಅದು ತಪ್ಪು."

ನಾನು ನಕ್ಕೆ. ಹಾಸ್ಟೆಲಿಗೆ ಹೋಗಿ ಗೆಳೆಯರಿಗೂ ಹೇಳಿ ನಗಿಸಿದೆ. ಮುಂದಿನ ವರ್ಷ ಅಜ್ಜಿ ತೀರಿಕೊಂಡಳು. ಆ ಮಾತಿಗೆ ನಾನು ಉತ್ತರ ಕೊಟ್ಟಿರಲಿಲ್ಲ. ಉತ್ತರ ಕೊಡಬೇಕಾದ ಮಾತು ಅದು ಎಂದು ಆಗ ನನಗೆ ಅನ್ನಿಸಿರಲೂ ಇಲ್ಲ.

ಮೇಷ್ಟರಾದ ಮೇಲೆ ನನ್ನದೊಂದು ಚಟ ಬೆಳೆಯಿತು. ಮಧ್ಯಾಹ್ನ ಊಟವಾದ ಮೇಲಿನ ತರಗತಿಯಲ್ಲಿ ಹುಡುಗರು ತೂಕಡಿಸುತ್ತಾರೆ. ಅವರನ್ನು ಎಬ್ಬಿಸಲು ಒಂದಿಷ್ಟು ಬೆಚ್ಚಿಬೀಳಿಸುವ ಮಾತು ಬೇಕು. ಜೇನುನೊಣ ತನ್ನ ಗೂಡಿಗಾಗಿ ಸಾಯುವುದು ಯಾಕೆ, ತನ್ನ ರಕ್ತಸಂಬಂಧಿಗಳು ಉಳಿದರೆ ತನ್ನ ಜೀನೂ ಉಳಿದಂತೆ ಎಂಬುದು ಹೇಗೆ, ಇದೆಲ್ಲ ಒಳ್ಳೆಯ ಪಾಠವೇ. ಇವತ್ತಿಗೂ ಅದು ಸರಿ ಎಂದೇ ನಂಬುತ್ತೇನೆ. ನಾನು ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಜೇನುಗೂಡಿನಿಂದ ಒಂದೇ ಜಿಗಿತಕ್ಕೆ ಮನುಷ್ಯರ ಅಡುಗೆಮನೆಗೆ ಹಾರುತ್ತಿದ್ದೆ. ತಾಯಿಯ ಪ್ರೀತಿ ಜೀನಿನ ಲೆಕ್ಕಾಚಾರ, ಗೆಳೆತನ ವಾಪಸು ಬರುವ ಆಸೆಯ ವ್ಯವಹಾರ, ಮಲತಾಯಿ ಪ್ರೀತಿ ಮಾಡಲು ನಿಸರ್ಗದಲ್ಲಿ ಕಾರಣವೇ ಇಲ್ಲ. ಮಾಡಿದಂತೆ ಕಂಡರೆ ಅದು ತೋರಿಕೆ. ಈ ಜಿಗಿತ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಅದು ನನ್ನ ಸ್ವಂತದ್ದು. ತರಗತಿ ಎದ್ದು ಕೂಡುತ್ತಿತ್ತು, ನನಗೆ ಖುಷಿಯಾಗುತ್ತಿತ್ತು.

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಹನ್ನೆರಡನೆಯ ತರಗತಿಯಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು. ಅವಳ ಮನೆ ಇಚಲಕರಂಜಿಯ ಪಕ್ಕದ ಯಡ್ರಾವದಲ್ಲಿ. ಗಡಹಿಂಗ್ಲಜಕ್ಕೆ ಹತ್ತಿರದ ನೂಲದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಜಾಣೆ, ಮಾತು ಕಡಿಮೆ. ಮಲತಾಯಿಯರ ಬಗೆಗಿನ ನನ್ನ ಆ ಮಾತು ಬಂದ ದಿನ ಅವಳು ಪೆನ್ನಿನ ಮುಚ್ಚಳ ಹಾಕಿ ನನ್ನನ್ನೇ ನೋಡುತ್ತ ಕುಳಿತಳು. ಪಾಠ ಮನಸ್ಸಿಗೆ ಹತ್ತಿದೆ ಎಂದುಕೊಂಡೆ. ಹತ್ತಿತ್ತು, ಅದು ನಿಜ.

ಗಣಪತಿ ಹಬ್ಬದ ರಜೆ ಮುಗಿದ ವಾರ, ಒಂದು ಬೆಳಿಗ್ಗೆ ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಂದು ನಿಂತಳು. ಕೈಯಲ್ಲಿ ಅರಿವೆಯ ಚೀಲ.

"ಜೀವಶಾಸ್ತ್ರ ಕಲಸೋ ಸರ್ ಯಾರ್ರಿ?"

ಆ ಪ್ರಶ್ನೆ ಕೋಣೆಗಷ್ಟೇ ಅಲ್ಲ, ಪಕ್ಕದ ಗ್ರಂಥಾಲಯಕ್ಕೂ ಕೇಳಿಸಿತು. ಸಿಟ್ಟಿನ ದನಿಯಲ್ಲ ಅದು. ಇಚಲಕರಂಜಿ ಕಡೆ ಪವರ್‌ಲೂಮಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದವರ ದನಿಯೇ ಹಾಗೆ, ಮಗ್ಗದ ಖಟಖಟ ದಾಟಿ ಬರಬೇಕಲ್ಲ. ನಾನೇ ಎಂದೆ.

"ನಾ ಗಂಗವ್ವ ರೀ. ಕಸ್ತೂರಿ ಅವ್ವ. ಯಡ್ರಾವದಿಂದ ಬಂದೇನಿ."

ಕುರ್ಚಿ ಕೊಟ್ಟರೂ ಕೂಡಲಿಲ್ಲ. ನಿಂತೇ ಹೇಳಿದಳು. ಅವಳದು ಗೋಕಾಕದ ಕಡೆಯ ಊರು. ಕಸ್ತೂರಿಯ ಹೆತ್ತ ತಾಯಿ ರತ್ನವ್ವ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ಮರುವರ್ಷ ಗಂಗವ್ವ ಎರಡನೆಯ ಹೆಂಡತಿಯಾಗಿ ಆ ಮನೆಗೆ ಬಂದಳು. ಮೂರು ವರ್ಷದಲ್ಲಿ ಗಂಡನೂ ಕಾಯಿಲೆ ಬಿದ್ದು ಹೋದ. ಹುಡುಗಿಯನ್ನು ನೂಲಕ್ಕೆ ಅವಳ ಸೋದರಮಾವನ ಮನೆಗೆ ಬಿಟ್ಟು ಊರಿಗೆ ಬಾ, ನಿನಗಿನ್ನೂ ವಯಸ್ಸಿದೆ ಎಂದು ತವರಿನವರು ಕರೆದರು. ಹೋಗಲಿಲ್ಲ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸ ಹಿಡಿದು ಹುಡುಗಿಯನ್ನು ಹತ್ತನೆಯ ತರಗತಿಯ ತನಕ ತಾನೇ ಇಟ್ಟುಕೊಂಡು ಓದಿಸಿದಳು.

"ಹಬ್ಬಕ್ಕ ಬಾ ಅಂತ ಫೋನ್ ಮಾಡಿದ್ನಿರಿ. ಬರೂದಿಲ್ಲ ಅಂದ್ಳು. ಯಾಕ ಅಂದ್ರ, ನೀ ಮಾಡೂದೆಲ್ಲ ತೋರಿಕಿ, ನಮ್ಮ ಸರ್ ಹೇಳ್ಯಾರ, ಶಾಸ್ತ್ರದಾಗ ಐತಿ ಅಂದ್ಳು. ನಾ ಸಾಲಿ ಕಲ್ತಾಕಿ ಅಲ್ರಿ. ಶಾಸ್ತ್ರದಾಗ ಏನೈತಿ ಅಂತ ಕೇಳಾಕ ಬಂದೇನಿ."

ನಾನು ಹೇಳತೊಡಗಿದೆ. ತರಗತಿಯಲ್ಲಿ ಮರಾಠಿ ಇಂಗ್ಲಿಷು ಬೆರೆಸಿ ಹೇಳಿದಾಗ ಅದು ವಿಜ್ಞಾನದಂತೆ ಕೇಳಿಸಿತ್ತು. ಈಗ ನನ್ನ ಮನೆಯ ಮಾತಿನಲ್ಲಿ, ಆ ಹೆಣ್ಣುಮಗಳ ಮುಖ ನೋಡುತ್ತ ಅದನ್ನೇ ಹೇಳಹೋದರೆ ಚಾಡಿಯಂತೆ ಕೇಳಿಸಿತು. ಎರಡೇ ವಾಕ್ಯದಲ್ಲಿ ಮುಗಿಸಿದೆ.

ಗಂಗವ್ವ ಪೂರ್ತಿ ಕೇಳಿಕೊಂಡು ಕೇಳಿದಳು. "ಸರ್, ನಾ ಅಕಿನ್ನ ಹೊಡದು ಬಡದು ಮಾಡಿದ್ರ ಏನ ಅಂತಿದ್ರಿ?"

"ಮಲತಾಯಿ, ಸಹಜ ಅಂತಿದ್ದೆ."

"ಹೊಡದಿಲ್ರಿ. ತಲಿ ಹಿಕ್ಕೇನಿ, ಜ್ವರ ಬಂದಾಗ ಪಾಳಿ ಬಿಟ್ಟು ಮಗ್ಗಲದಾಗ ಕುಂತೇನಿ. ಈಗ ಏನ ಅಂತೀರಿ?"

"ತೋರಿಕಿ ಅಂದೇನಿ," ಎಂದೆ. ಸುಳ್ಳು ಹೇಳಲಿಕ್ಕೂ ಆಗುವಂತಿರಲಿಲ್ಲ.

"ಹೊಡದ್ರೂ ನಿಮ್ಮ ಶಾಸ್ತ್ರ ಖರೇ, ಹೊಡೀದಿದ್ರೂ ನಿಮ್ಮ ಶಾಸ್ತ್ರ ಖರೇ. ಹಂಗಾರ ನಾ ಏನ ಮಾಡಿದ್ರ ನೀವು ಸೋಲ್ತೀರಿ? ಅಷ್ಟ ಹೇಳ್ರಿ, ನಾ ಅದನ್ನs ಮಾಡ್ತೇನಿ."

ಅಷ್ಟು ವರ್ಷದಲ್ಲಿ ಯಾವ ಪರೀಕ್ಷಕನೂ ನನಗೆ ಇಂಥ ಪ್ರಶ್ನೆ ಹಾಕಿರಲಿಲ್ಲ. ಯಾವುದರಿಂದಲೂ ಸೋಲದ ಸಿದ್ಧಾಂತ ವಿಜ್ಞಾನವಾಗುವುದಿಲ್ಲ ಎಂದು ನಾನೇ ಪ್ರತಿವರ್ಷ ಮೊದಲ ಪಾಠದಲ್ಲಿ ಹೇಳುತ್ತಿದ್ದೆ. ಅದನ್ನು ನಾನೇ ಮರೆತಿದ್ದೆ, ಅವಳು ಆ ಪಾಠ ಕೇಳದೆಯೇ ಬಲ್ಲಳು. ಗಂಗವ್ವ ಚೀಲದಿಂದ ಕಡುಬಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. "ಇದನ್ನ ಅಕಿಗೆ ನೀವs ಕೊಡ್ರಿ. ನಾ ಕೊಟ್ರ ತಗೊಳ್ಳಾಕಿಲ್ಲ. ಸಂಜಿ ಪಾಳಿ ಐತಿ, ನಿಪ್ಪಾಣಿ ಬಸ್ಸಿಗೆ ಹೋಗ್ತೇನಿ." ಹೋದಳು.

ಡಬ್ಬಿಯನ್ನು ಕಸ್ತೂರಿಗೆ ಕೊಟ್ಟೆ. ಅವಳು ಯಾರು ತಂದರು ಎಂದು ಕೇಳಲಿಲ್ಲ. ಡಬ್ಬಿಯ ಮುಚ್ಚಳ ನೋಡಿದರೆ ಸಾಕಾಗಿತ್ತು.

ಅವತ್ತು ನಾನು ಒಂದು ತೀರ್ಮಾನ ಮಾಡಿದೆ. ಯಾವ ತರಗತಿಯಲ್ಲಿ ಆ ಮಾತು ಆಡಿದ್ದೆನೋ ಅದೇ ತರಗತಿಯಲ್ಲಿ ನಿಂತು ಅದನ್ನು ವಾಪಸು ತೆಗೆದುಕೊಳ್ಳಬೇಕು. ಆದರೆ 'ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ' ಎಂಬ ಜಾತಿಯ ಮಾತಾಗಬಾರದು. ನೋವು ಬೇರೆ, ತಪ್ಪು ಬೇರೆ. ಎಲ್ಲಿ ತಪ್ಪಿದೆ ಎಂದು ತೋರಿಸಬೇಕು. ಮೂರು ವಾರ ಓದಿದೆ. ಭೌತಶಾಸ್ತ್ರದ ಜಾಧವ ಸರ್, ನನ್ನ ಪಕ್ಕದ ಕುರ್ಚಿಯವರು, ತಾಳ್ಮೆಗೆಟ್ಟು, "ಸೋಡಾ ಹೋ ಸರ್, ಪೋರ್ಶನ್ ಪೂರ್ಣ ಕರಾ," ಎಂದರು. ಅದನ್ನು ಬಿಟ್ಟು ಪಾಠ ಮುಗಿಸಿರಿ ಎಂದು ಅವರ ಹಿತವಚನ.

"ಆ ಹೆಂಗಸಿಗೆ ಸ್ವಂತ ಮಕ್ಕಳಿಲ್ಲ. ತಾಯ್ತನದ ಪ್ರವೃತ್ತಿ ದಾರಿ ತಪ್ಪಿ ಈ ಹುಡುಗಿಯ ಕಡೆ ಹೋಗಿದೆ. ಅಷ್ಟೇ," ಎಂದೂ ಸೇರಿಸಿದರು.

"ಸ್ವಂತ ಮಕ್ಕಳಿದ್ದರೆ?"

"ಅವರನ್ನು ಆಡಿಸಲು ಈ ಹುಡುಗಿ ಬೇಕಾಗಿದ್ದಳು ಅನ್ನಬಹುದು."

ಎರಡಕ್ಕೂ ಉತ್ತರ ಸಿದ್ಧವಿತ್ತು ಎಂಬುದು ಹೇಳಿ ಮುಗಿಸಿದ ಮೇಲೆ ಜಾಧವರಿಗೇ ಹೊಳೆಯಿತು, ಚಹಾದ ಲೋಟ ಹಿಡಿದು ಎದ್ದರು. ನಾನು ಆಡಿಕೊಳ್ಳಲಿಲ್ಲ. ಅವರ ಜಾಗದಲ್ಲಿ ಮೊನ್ನೆಯ ತನಕ ನಾನೇ ಕುಳಿತಿದ್ದೆನಲ್ಲ.

ದೀಪಾವಳಿಗೆ ಒಂದು ವಾರ ಮೊದಲು ತರಗತಿ ತೆಗೆದುಕೊಂಡೆ. ಹಲಗೆಯ ಮೇಲೆ ಏನೂ ಬರೆಯಲಿಲ್ಲ. ಹೇಳಿದೆ: ನಾನು ನಿಮಗೆ ಒಂದು ತಪ್ಪು ಕಲಿಸಿದ್ದೇನೆ. ಮನುಷ್ಯನ ಕೈ ಹೇಗೆ ಬಂತು ಎಂದು ಕೇಳಿದರೆ ವಿಕಾಸವಾದ ಉತ್ತರ ಕೊಡುತ್ತದೆ, ಒಳ್ಳೆಯ ಉತ್ತರ ಕೊಡುತ್ತದೆ. ಆ ಕೈ ಈಗ ಯಾರ ಕಣ್ಣೀರು ಒರೆಸುತ್ತಿದೆ, ಯಾಕೆ ಒರೆಸುತ್ತಿದೆ ಎಂದು ಕೇಳಿದರೆ, ಅದು ಕೈಯವರನ್ನು ಕೇಳಬೇಕಾದ ಪ್ರಶ್ನೆ. ಮೊದಲಿನ ಉತ್ತರವನ್ನು ಎರಡನೆಯ ಪ್ರಶ್ನೆಗೆ ಕೊಟ್ಟೆ, ಇದು ನನ್ನ ಮೊದಲ ತಪ್ಪು. ಸ್ವಾರ್ಥ, ಲೋಭ, ಲೆಕ್ಕಾಚಾರ ಇವು ಮನಸ್ಸಿದ್ದವರ ಗುಣ. ಮಾತಿಗೆಂದು ಅವನ್ನು ಒಂದು ರಸಾಯನಕ್ಕೆ ಅಂಟಿಸಿ, ಆಮೇಲೆ ಅಲ್ಲಿಂದ ಕಿತ್ತು ಮತ್ತೆ ಮನುಷ್ಯರಿಗೆ ಹಚ್ಚಿದೆ. ಇದನ್ನು ನಮ್ಮ ಅಜ್ಜಿ ನಲವತ್ತು ವರ್ಷದ ಹಿಂದೆಯೇ ಹಿಡಿದಿದ್ದಳು, ನಾನು ನಕ್ಕಿದ್ದೆ. ಇನ್ನೊಂದು ತಪ್ಪನ್ನು ಯಡ್ರಾವದಿಂದ ಬಂದ ಒಬ್ಬರು ನನಗೆ ತೋರಿಸಿಕೊಟ್ಟರು. ಏನು ನಡೆದರೂ ನಾನೇ ಗೆಲ್ಲುವಂತೆ ನನ್ನ ಕಥೆ ಕಟ್ಟಿದ್ದೆ.

ಹಿಂದಿನ ಬೆಂಚಿನಿಂದ ಕಸ್ತೂರಿ ಎದ್ದಳು. ತರಗತಿಯಲ್ಲಿ ಎಂದೂ ಕನ್ನಡ ಆಡದವಳು ಅಂದು ಕನ್ನಡದಲ್ಲೇ ಕೇಳಿದಳು. "ಹಂಗಾದ್ರ ಸರ್, ಅಕಿ ಪ್ರೀತಿ ಖರೇ ಅಂತ ಈಗ ಸಿದ್ಧ ಆತೇನ್ರಿ?"

ಹೌದು ಎನ್ನುವ ಆಸೆ ಬಹಳ ಆಯಿತು. ಒಂದು ಹೌದಿನಿಂದ ಎಲ್ಲ ಸರಿಹೋಗುವಂತೆ ಕಂಡಿತು. ಆದರೆ ನನಗೆ ತಿಳಿಯದ್ದನ್ನು ತಿಳಿದವನಂತೆ ಹೇಳಿಯೇ ಈ ಅನಾಹುತ ಆಗಿತ್ತು.

"ಇಲ್ಲವ್ವಾ," ಎಂದೆ. "ಅದನ್ನ ಸಿದ್ಧ ಮಾಡೂದು ನನ್ನ ಶಾಸ್ತ್ರದ ಕೆಲಸ ಅಲ್ಲ. ಸುಳ್ಳು ಅನ್ನೂದೂ ಅದರ ಕೆಲಸ ಅಲ್ಲ. ಹತ್ತು ವರ್ಷದ ಮ್ಯಾಲ ಅಕಿ ಕೂಡ ಒಂದs ಮನ್ಯಾಗ ಇದ್ದಾಕಿ ನೀನು. ನನಗ ಕೇಳಬ್ಯಾಡ. ನಿನಗ ಗೊತ್ತಿದ್ದದ್ದು ನಿನಗ ಗೊತ್ತೈತಿ."

ಅವಳು ಕುಳಿತಳು. ದೀಪಾವಳಿಗೆ ಯಡ್ರಾವಕ್ಕೆ ಹೋದಳು ಎಂದು ಆಮೇಲೆ ತಿಳಿಯಿತು. ಅಲ್ಲಿ ಏನು ಮಾತಾಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನನ್ನಂತೆ ತೂಕಡಿಕೆ ಬಿಡಿಸಲು ಇದೇ ಮಾತು ಆಡುವ ಮೇಷ್ಟರು ಜಿಲ್ಲೆಯಲ್ಲಿ ಎಷ್ಟು ಜನರೋ ಎಂಬ ಚಿಂತೆ ಹತ್ತಿತು. ಚಳಿಗಾಲದಲ್ಲಿ ಕೊಲ್ಲಾಪುರದಲ್ಲಿ ವಿಜ್ಞಾನ ಶಿಕ್ಷಕರ ಒಂದು ಕೂಟ ನಡೆಯಿತು. ಭಾಷಣಕ್ಕೆ ನನ್ನ ಹೆಸರು ಕೊಟ್ಟು ಮಾತಾಡಿದೆ. ಗಂಗವ್ವನ ಪ್ರಶ್ನೆಯನ್ನು ಅವಳ ಹೆಸರಿಲ್ಲದೆ ಮರಾಠಿಗೆ ತಂದು ಸಭೆಯ ಮುಂದಿಟ್ಟೆ. ಮುಂದಿನ ಸಾಲಿನ ಒಬ್ಬರು ನಾನು ಭಾವುಕನಾಗಿದ್ದೇನೆ ಎಂದರು. ಭಾವುಕನಾಗಿರಬಹುದು, ಪ್ರಶ್ನೆಗೆ ಉತ್ತರ ಕೊಡಿ ಎಂದೆ. ಇನ್ನೊಬ್ಬರು ನಿವೃತ್ತಿ ಹತ್ತಿರ ಬಂದಾಗ ಎಲ್ಲರೂ ತತ್ವಜ್ಞಾನಿಗಳಾಗುತ್ತಾರೆ ಎಂದರು. ಸಭೆ ನಕ್ಕಿತು. ನಗು ನಿಲ್ಲುವ ತನಕ ಕಾದು, ಮತ್ತೆ ಅದೇ ಪ್ರಶ್ನೆ ಕೇಳಿದೆ. ಮೂರನೆಯ ಸಲ ಕೇಳಿದಾಗ ಸಭೆ ನಗಲಿಲ್ಲ. ಊಟದ ಹೊತ್ತಾಯಿತು.

ನಿಜವಾದ ಕಷ್ಟ ಬಂದದ್ದು ಊಟವಾದ ಮೇಲೆ. ಯಾರೋ ಒಬ್ಬ ಗೃಹಸ್ಥರು, ಶಿಕ್ಷಕರಲ್ಲ, ನನ್ನ ಕೈ ಹಿಡಿದು ಕುಲುಕಿ, ಕನ್ನಡದವನೆಂದು ತಿಳಿದು ಕನ್ನಡದಲ್ಲೇ, "ಛಲೋ ಮಾತಾಡಿದ್ರಿ. ಮನಷ್ಯಾ ಮಂಗ್ಯಾನಿಂದ ಬಂದಿಲ್ಲ ಅಂತ ಇಷ್ಟ ಧೈರ್ಯಲೆ ಯಾರೂ ಹೇಳಿದ್ದಿಲ್ಲ. ಮುಂದಿನ ವಾರ ನಮ್ಮಲ್ಲಿ ಒಂದ ಸತ್ಕಾರ ಇಟ್ಕೋತೇವಿ," ಎಂದರು. ಶಾಲು ಯಾವ ಬಣ್ಣದ್ದು ಬೇಕು ಎಂದೂ ಕೇಳಿದರು.

ನಿಜ ಹೇಳುತ್ತೇನೆ, ಆ ದಿನವೆಲ್ಲ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಬಿಡಲು ಮನಸ್ಸಾಗಲಿಲ್ಲ. ಆದರೂ ಹೇಳಿದೆ. "ನೀವು ತಪ್ಪು ತಿಳಕೊಂಡೀರಿ. ಮಂಗ್ಯಾಗೂ ನಮಗೂ ಮುತ್ಯಾ ಒಬ್ಬಾಂವನs. ಅದನ್ನ ನಾಳಿ ಸೋಮವಾರ ಮತ್ತ ಕಲಸ್ತೇನಿ."

"ಮತ್ತ ಇಷ್ಟೊತ್ತು ಏನ ಹೇಳಿದ್ರಿ?"

"ಮುತ್ಯಾ ಯಾರು ಅಂತ ಗೊತ್ತಾದ್ರ ಮಮ್ಮಗ ಇವತ್ತು ಯಾಕ ಏನ ಮಾಡಿದಾ ಅನ್ನೂದು ಗೊತ್ತಾಗೂದಿಲ್ಲ ಅಂತ ಹೇಳಿದ್ನಿ."

ಅವರು ನನ್ನ ಕೈ ಬಿಟ್ಟರು. ಶಾಲಿನ ಮಾತು ಅಲ್ಲಿಗೇ ಮುಗಿಯಿತು. ಸಂಜೆಯ ಬಸ್ಸಿನಲ್ಲಿ ಗಡಹಿಂಗ್ಲಜಕ್ಕೆ ವಾಪಸಾಗುವಾಗ ಎರಡೂ ಕಡೆಯವರನ್ನು ಒಂದೇ ದಿನ ಕಳೆದುಕೊಂಡ ಮನುಷ್ಯನಾಗಿದ್ದೆ. ಮನಸ್ಸು ಮಾತ್ರ ಹಗುರಾಗಿತ್ತು. ಸೋಮವಾರ ಹೇಳಿದಂತೆ ಮಂಗನ ಪಾಠವನ್ನೇ ಮಾಡಿದೆ, ಮೊದಲಿಗಿಂತ ಚೆನ್ನಾಗಿ ಮಾಡಿದೆ.

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮೇಲೆ, ಜೂನ್ ತಿಂಗಳಲ್ಲಿ, ಕಸ್ತೂರಿ ನರ್ಸಿಂಗ್ ಕೋರ್ಸಿನ ಅರ್ಜಿ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಜೊತೆಗೆ ಗಂಗವ್ವ. ನಡತೆಯ ಪ್ರಮಾಣಪತ್ರ ಬೇಕಾಗಿತ್ತು. ಬರೆದುಕೊಟ್ಟೆ. ಅದಾದ ಮೇಲೂ ಇಬ್ಬರೂ ಏಳಲಿಲ್ಲ. ಬಸ್ಸಿನಲ್ಲಿ ಶುರುವಾದ ಜಗಳ ಇನ್ನೂ ಮುಗಿದಿರಲಿಲ್ಲ. ಅರ್ಜಿಯಲ್ಲಿ ತಾಯಿಯ ಹೆಸರು ಎಂಬ ಒಂದು ಸಾಲಿತ್ತು. ಹಳೆಯ ಕಾಗದಗಳಲ್ಲೆಲ್ಲ ರತ್ನವ್ವ ಎಂದಿತ್ತು. ಅದನ್ನು ಬದಲಿಸಿ ಗಂಗವ್ವ ಎಂದು ಮಾಡಿಸಬೇಕು ಎಂದು ಕಸ್ತೂರಿಯ ಹಟ. ವಕೀಲರನ್ನೂ ಕೇಳಿಕೊಂಡು ಬಂದಿದ್ದಳು.

"ನೀವರ ಹೇಳ್ರಿ ಸರ್ ಅಕಿಗೆ," ಎಂದಳು ಕಸ್ತೂರಿ.

ನಾನು ಹೇಳುವ ಮೊದಲೇ ಗಂಗವ್ವ ಮಾತಾಡಿದಳು. ನಮ್ಮ ಓಣಿಯೆಲ್ಲ ಕೇಳಿಸಿಕೊಂಡಿರಬೇಕು. "ಹೆತ್ತಾಕಿ ಹೆಸರ ಅಳಸಾಕ ನಾ ಯಾರು? ಅಕಿ ಸಣ್ಣ ವಯಸ್ಸಿಗೆ ಹೋದ್ಳು. ಅಕಿದು ಈ ಜಗತ್ತಿನ್ಯಾಗ ಉಳದದ್ದು ಅದೊಂದs ಹೆಸರು. ಅದನ್ನೂ ನಾ ತಗೊಂಡ್ರ ನನಗ ನಿದ್ದಿ ಬರತೈತೇನು? ಇರ್ಲಿ ಅದು. ನನಗ ಹೆಸರ ಬ್ಯಾಡ."

ತಾನೆಂದೂ ನೋಡದ ಹೆಣ್ಣುಮಗಳ ಪರವಾಗಿ, ತನಗೆ ಬರುತ್ತಿದ್ದ ಒಂದೇ ಒಂದು ಗೌರವವನ್ನು ಅವಳು ತಳ್ಳುತ್ತಿದ್ದಳು. ಇದಕ್ಕೂ ಒಂದು ಕಥೆ ಕಟ್ಟಬಹುದು. ಕಟ್ಟುವ ವಿದ್ಯೆ ನನಗೆ ಗೊತ್ತಿದೆ, ಅರ್ಧ ತಾಸು ಸಾಕು. ಕಟ್ಟಲಿಲ್ಲ. ಇಬ್ಬರಿಗೂ ಚಹಾ ಮಾಡಿಸಿದೆ.

ಕಸ್ತೂರಿ ಚಹಾ ಕುಡಿದು ಪೆನ್ನು ತೆಗೆದಳು. ಆಮೇಲೆ ತಾಯಿಯ ಹೆಸರಿನ ಸಾಲಿನಲ್ಲಿ ರತ್ನವ್ವ ಎಂದೇ ಬರೆದಳು. ಕೆಳಗೆ ಪಾಲಕರು ಎಂಬಲ್ಲಿ ಗಂಗವ್ವ ಎಂದು ಬರೆದಳು. ಅದರ ಮುಂದೆ, ವಿದ್ಯಾರ್ಥಿಗೆ ಏನು ಸಂಬಂಧ ಎಂದು ಕೇಳಿದ ಚಿಕ್ಕ ಚೌಕದಲ್ಲಿ ಮರಾಠಿಯಲ್ಲಿ 'ಆಯಿ' ಎಂದು ಬರೆದಳು. ತಾಯಿ.

ಆ ಅರ್ಜಿ ವಾಪಸು ಬಂತು. ಚೌಕದ ಸುತ್ತ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ತಾಯಿಯ ಹೆಸರು ಮೇಲೆ ಬೇರೆ ಇದೆ, ಸಂಬಂಧ ಸರಿಯಾಗಿ ಬರೆಯಿರಿ ಎಂದು ಸೂಚಿಸಿದ್ದರು. ಕಸ್ತೂರಿ ಹೊಸ ಅರ್ಜಿ ತಂದು ಮತ್ತೆ ಆಯಿ ಎಂದೇ ಬರೆದಳು. ಅದೂ ವಾಪಸು ಬಂತು. ಮೂರನೆಯ ಸಲವೂ ಅದನ್ನೇ ಬರೆದು, ತಾನೇ ಒಯ್ದು ಕೊಟ್ಟು, ಅವರು ಓದುವ ತನಕ ಕಚೇರಿಯ ಕಿಟಕಿಯ ಮುಂದೆ ನಿಂತಳಂತೆ. ಒಳಗಿದ್ದವರು ಓದಿದರು, ಅವಳ ಮುಖ ನೋಡಿದರು, ಇನ್ನೊಮ್ಮೆ ಓದಿದರು. ಆಮೇಲೆ ಅದರ ಮೇಲೆ ಶಿಕ್ಕಾ ಒತ್ತಿದರು.